ಮಜ್ಜಿಗೆ ಕೊಟ್ಟರು, ಪುಸ್ತಕ ಕೊಳ್ಳಲಿಲ್ಲ

ಅಪ್ಪನ ನೋಟಬುಕ್ಕಿನ ಪ್ರತಿ ಪುಟಕ್ಕೂ ಐದು ಮನೆ. ತಾರೀಖು, ಊರು, ಮಾರಿದ ಪುಸ್ತಕ, ದೀಕ್ಷಾಸ್ನಾನ, ಷರಾ. ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಮೊದಲ ಮೂರು ಮನೆ ಅವತ್ತು ಸಂಜೆಯೇ ತುಂಬುತ್ತಿದ್ದವು. ನಾಲ್ಕನೆಯದು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಖಾಲಿ. ಆ ಗೆರೆಯೊಂದನ್ನು ಬಿಟ್ಟಿದ್ದರೆ ಷರಾ ಬರೆಯಲು ಎರಡು ಬೆರಳು ಜಾಗ ಹೆಚ್ಚಿಗೆ ಸಿಗುತ್ತಿತ್ತು. ಬಿಡಲಿಲ್ಲ. ಹಾಗಾಗಿ ಕೊನೆಯ ಮನೆಯ ಅಕ್ಷರಗಳು ಇರುವೆ ಸಾಲಿನಂತೆ ಅಂಚಿನವರೆಗೆ ಹೋಗಿ, ದಾರಿ ಸಾಲದೆ ಕೆಳಕ್ಕೆ ಇಳಿಯುತ್ತವೆ.

“ನಾಯಿ ಬಿಟ್ಟರು.” “ಕಟ್ಟೆಯ ಮೇಲೆ ಕೂಡಗೊಡಲಿಲ್ಲ.” “ಹುಡುಗರು ಸೆಗಣಿ ಒಗೆದರು. ಮುದುಕಿಯೊಬ್ಬಳು ಹುಡುಗರನ್ನು ಬೈದಳು.” “ಒಂದು ಲೂಕ ಹರಿದರು. ರೊಕ್ಕ ಕೊಟ್ಟು ಹರಿದರು.” ಇವೆಲ್ಲಕ್ಕಿಂತ ಹೆಚ್ಚು ಸಲ ಬರುವುದು ಒಂದೇ ಮಾತು: “ಮಜ್ಜಿಗೆ ಕೊಟ್ಟರು, ಪುಸ್ತಕ ಕೊಳ್ಳಲಿಲ್ಲ.”

ಅವ್ವ ತೀರಿಕೊಂಡ ಮೇಲೆ ಬೆಟಗೇರಿಯ ಮನೆ ಖಾಲಿ ಮಾಡುವಾಗ ತಗಡಿನ ಟ್ರಂಕಿನಲ್ಲಿ ಈ ನಾಲ್ಕು ನೋಟಬುಕ್ಕು ಸಿಕ್ಕವು. ನುಸಿಗುಳಿಗೆಯ ವಾಸನೆ ಇನ್ನೂ ಹೋಗಿಲ್ಲ. ನಾನೂ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಹಾಜರಿ ಪುಸ್ತಕ, ಅಂಕಪಟ್ಟಿ ಎಂದು ಬದುಕಿಡೀ ಮನೆ ತುಂಬಿದ್ದೇನೆ. ಖಾಲಿ ಬಿಡಬೇಕೆಂದು ಗೊತ್ತಿದ್ದೂ ಗೆರೆ ಎಳೆಯುವವನನ್ನು ಮಾತ್ರ ಇನ್ನೆಲ್ಲೂ ಕಂಡಿಲ್ಲ.

ಅಪ್ಪ ಉಪದೇಶಿ. ಪಾದ್ರಿಯಲ್ಲ. ಪಾದ್ರಿಗೆ ಬಿಳಿ ನಿಲುವಂಗಿ ಇರುತ್ತದೆ, ಮನೆ ಇರುತ್ತದೆ, ಅವರು ಬಂದರೆ ಕುರ್ಚಿ ಹಾಕುತ್ತಾರೆ. ಉಪದೇಶಿಗೆ ಸೈಕಲ್ಲು. ರವಿವಾರ ಮುಂಜಾನೆ ಮಕ್ಕಳಿಗೆ ಪಾಠ, ವಾರದ ನಾಲ್ಕು ದಿನ ಹಳ್ಳಿ, ಜಾತ್ರೆಯ ದಿನಗಳಲ್ಲಿ ಟ್ರಂಕು ಹೊತ್ತುಕೊಂಡು ರೈಲು. ಟ್ರಂಕಿನ ತುಂಬ ಮತ್ತಾಯ, ಮಾರ್ಕ, ಲೂಕ, ಯೋಹಾನ. ಪೂರ್ತಿ ಸತ್ಯವೇದ ಹಳ್ಳಿಯವರ ಕೈಗೆ ಭಾರ, ಕಿಸೆಗೂ ಭಾರ. ಅದಕ್ಕೇ ಸುವಾರ್ತೆಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕಿಸಿ, ಒಂದು ಚಹಾಕ್ಕಿಂತ ಕಡಿಮೆ ಕಿಮ್ಮತ್ತಿಗೆ ಮಾರುತ್ತಿದ್ದರು. ಪುಕ್ಕಟೆ ಕೊಡುತ್ತಿರಲಿಲ್ಲ. ಪುಕ್ಕಟೆ ಬಂದದ್ದನ್ನು ಜನ ಓದುವುದಿಲ್ಲ ಎಂಬುದು ಬೈಬಲ್ ಸೊಸೈಟಿಯವರ ಹಳೆಯ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತೆಂದು ಮುಂದೆ ಹೇಳುತ್ತೇನೆ. ಹಳ್ಳಿಯವರ ಬಾಯಲ್ಲಿ ಅಪ್ಪ ‘ಪುಸ್ತಕದ ಪಾದ್ರಿ’. ಪಾದ್ರಿ ಅಂದರೆ ಒಳಗೊಳಗೆ ಖುಷಿ ಪಡುತ್ತಿದ್ದ. ಅಲ್ಲರೀ, ನಾ ಬರೇ ಉಪದೇಶಿ ಎಂದು ತಿದ್ದುತ್ತಲೂ ಇದ್ದ.

ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ ಮುಟ್ಟಿ, 1841ಕ್ಕೆ ನಮ್ಮ ಬೆಟಗೇರಿಗೆ ಬಂದರು. ನಮ್ಮದು ನೇಕಾರರ ಊರು. ಮುತ್ತಜ್ಜ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವನು. ಅವನು ಯಾಕೆ ಕ್ರೈಸ್ತನಾದ ಎಂಬುದಕ್ಕೆ ಮನೆಯಲ್ಲಿ ಮೂರು ಕತೆಗಳಿದ್ದವು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಓಣಿಯವರ ಹತ್ತಿರ ನಾಲ್ಕನೆಯದಿತ್ತು: 1876ರ ಬರದಲ್ಲಿ ಗಂಜಿ ಕುಡಿದು ಕಿರಿಸ್ತಾನರಾದವರು. ಶಾಲೆಯಲ್ಲಿ ಇದನ್ನು ನನ್ನ ಮುಖದ ಮೇಲೇ ಅಂದಿದ್ದಾರೆ. ಮನೆಗೆ ಬಂದು ಅಪ್ಪನನ್ನು ಕೇಳಿದೆ. “ಹಸದಿದ್ದಿರಬೇಕು. ಗಂಜಿ ಕೊಟ್ಟವ್ರೂ ಇದ್ದಿರಬೇಕು. ಅದರಾಗ ನಾಚ್ಕೋಳ್ಳೂದು ಏನೈತಿ?” ಎಂದವನು ಸೈಕಲ್ಲಿಗೆ ಗಾಳಿ ಹಾಕಲು ಹೋದ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ.

ಗದಗಿನ ಹತ್ತಿರ ಮಲಸಮುದ್ರ ಅಂತ ಒಂದೂರಿದೆ. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬುವ ಪಂಥದ ಜನ ಮಿಶನರಿಗಳನ್ನು ಹುಡುಕಿಕೊಂಡು ಬಂದರು, ತಾವು ಕಾಯುತ್ತಿದ್ದ ಗುರುಗಳು ಇವರೇ ಇರಬೇಕೆಂದುಕೊಂಡು. ಹರ್ಮನ್ ಮೋಗ್ಲಿಂಗ್ ಸಾಹೇಬರು ಹಿರಿಹಿರಿ ಹಿಗ್ಗಿದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದೂ ಇವರೇ. ಬರುವವರಿಗೆಂದು ಮಲಸಮುದ್ರದಲ್ಲಿ ಹೊಲ ಮನೆಯ ಏರ್ಪಾಟಾಯಿತು. ಜಾತಿ ಬಿಡಬೇಕೆಂಬ ಮಾತು ಬಂದಾಗ, ಬರುತ್ತೇವೆಂದವರು ಹಿಂದೆ ಸರಿದರು. ಸಣ್ಣವನಿದ್ದಾಗ ಅಪ್ಪ ಒಂದು ಸಲ ನನ್ನನ್ನು ಸೈಕಲ್ಲಿನ ಮುಂದಿನ ದಾಂಡಿಯ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದ. ಅವನು ಹೊಲದ ಬದುವಿನಲ್ಲಿ ನಿಂತು ಬಹಳ ಹೊತ್ತು ನೋಡಿದ. ಜೋಳ ಬೆಳೆದಿತ್ತು. ಬೇರೇನೂ ಇರಲಿಲ್ಲ.

ಕಿಟೆಲ್ ಸಾಹೇಬರ ವಿಷಯವೂ ಹೀಗೇ. 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಬಂದರು. ಜನರ ಜೊತೆ ಜನರಾಗಿ ಓಡಾಡಿದರು, ಯೇಸುವಿನ ಚರಿತ್ರೆಯನ್ನು ನಮ್ಮ ಕಾವ್ಯದ ಧಾಟಿಯಲ್ಲಿ ‘ಕಥಾಮಾಲೆ’ ಎಂದು ಬರೆದರು. ಕೊನೆಗೆ 1894ರಲ್ಲಿ ಅವರ ಕೈಯಿಂದ ಹೊರಬಂದದ್ದು 1752 ಪುಟದ ಕನ್ನಡ-ಇಂಗ್ಲಿಷ್ ನಿಘಂಟು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. “ಅವರಿಗೂ ಜನ ಸಿಗಲಿಲ್ಲ. ಶಬ್ದ ಸಿಕ್ಕವು” ಎನ್ನುತ್ತಿದ್ದ ಅಪ್ಪ. ಹೀಗೆ ಅನ್ನುವಾಗ ಅವನ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚಿತ್ತೆಂದು ಈಗ ನನಗೆ ಅನಿಸುತ್ತದೆ. ಅವನಿಗೆ ಶಬ್ದವೂ ಸಿಗಲಿಲ್ಲವಲ್ಲ.

ಇನ್ನು ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ. ಗದಗಿನಿಂದ ಸಣ್ಣ ಗೇಜಿನ ರೈಲು. ಮಲ್ಲಾಪುರ, ಹೊಳೆಆಲೂರು ದಾಟಿ ಬಾದಾಮಿ ಸ್ಟೇಶನ್ನು, ಅಲ್ಲಿಂದ ಚಕ್ಕಡಿಯೋ ಟಾಂಗಾವೋ. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ. ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆದು, ಒಂದರ ಮೈಕಿನ ಮೇಲೆ ಇನ್ನೊಂದರ ಮೈಕು ಏರಿ, ರಾತ್ರಿಯಿಡೀ ಭೀಮಸೇನರು ಗರ್ಜಿಸುತ್ತಿದ್ದರು. ಬಾಗಿಲ ಚೌಕಟ್ಟುಗಳನ್ನು ಆನಿಸಿಟ್ಟು ಮಾರುವ ಬಡಿಗೇರರು, ಬುಟ್ಟಿಯಲ್ಲಿ ಕಟಕ ರೊಟ್ಟಿ, ಝುಣಕ, ಕೆಂಪಿಂಡಿ, ಗಡಿಗೆಯಲ್ಲಿ ಗಟ್ಟಿ ಮೊಸರು ತರುವ ಹೆಣ್ಣುಮಕ್ಕಳು. ಅಪ್ಪನ ಜಾಗ ಬಳೆಗಾರರ ಸಾಲು ಮುಗಿದ ಮೇಲೆ, ಒಂದು ಬೇವಿನ ಮರದ ಕೆಳಗೆ. ಗೋಣಿತಟ್ಟು ಹಾಸಿ ಪುಸ್ತಕಗಳನ್ನು ಹರಡಿ, ನಿಂತು ಮಾತಾಡಲು ಶುರು ಮಾಡುತ್ತಿದ್ದ. ಅವನ ದನಿ ದೊಡ್ಡದಲ್ಲ. ಕಂಪನಿಯ ಭೀಮಸೇನನ ಮುಂದೆ ಅದು ಎಷ್ಟು ದೂರ ಹೋದೀತು?

ಅಲ್ಲಿ ಒಬ್ಬ ಭಜಿ ಅಂಗಡಿಯವನಿದ್ದ. ವರ್ಷಾ ಬಂದು ಹತ್ತು, ಹದಿನೈದು ಪುಸ್ತಕ ಒಮ್ಮೆಗೇ ಕೊಳ್ಳುತ್ತಿದ್ದ. ಅಪ್ಪನ ನೋಟಬುಕ್ಕಿನಲ್ಲಿ ಅವನ ಬಗ್ಗೆ ಮೂರು ವರ್ಷ ಏನೇನೋ ಆಸೆಯ ಮಾತುಗಳಿವೆ. “ಒಬ್ಬ ಗೃಹಸ್ಥ 15 ಕೊಂಡ. ಊರಿನವರಿಗೆ ಹಂಚುವನೆಂದು ಕಾಣುತ್ತದೆ.” ನಾಲ್ಕನೆಯ ವರ್ಷ ನಾನೇ ಮಿರ್ಚಿ ಭಜಿ ತರಲು ಹೋದೆ. ಎಣ್ಣೆ ಸೋರುವ ಪೊಟ್ಟಣ ಬಿಚ್ಚಿದರೆ ಮಾರ್ಕನ ಐದನೆಯ ಅಧ್ಯಾಯ. ರದ್ದಿ ಕಾಗದಕ್ಕಿಂತ ದೇವರ ವಾಕ್ಯ ಅಗ್ಗವಾಗಿತ್ತು. ಪುಣ್ಯಾತ್ಮ ಕಿಲೋ ಲೆಕ್ಕ ಹಾಕಿ ನೋಡಿದ್ದ!

ಅಪ್ಪ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ, ಭಜಿ ತಿಂದ, ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಅದು ಭಕ್ತಿಯಿಂದಲೋ, ಸೊಸೈಟಿಗೆ ಲೆಕ್ಕ ಕೊಡಲೋ ಗೊತ್ತಾಗಲಿಲ್ಲ. ಮರುದಿನ ಆ ಮನುಷ್ಯ ಬಂದಾಗ, ಒಬ್ಬರಿಗೆ ಒಂದೇ ಎಂದ. ಅವನಿಗೆ ಸಿಟ್ಟು ಬಂತು. “ಮಾರಾಕ ಕುಂತೀರಿಲ್ಲೋ? ರೊಕ್ಕ ಕೊಡತೇನಿ, ಮಾರ್ರಿ. ಏನ ಮಾಡ್ತಿ ಅಂತ ಕೇಳಾಕ ನೀವ್ಯಾರು?” ಅಪ್ಪನ ಹತ್ತಿರ ಜವಾಬಿರಲಿಲ್ಲ. ಅಷ್ಟು ಗದ್ದಲಕ್ಕೇ ಜನ ನೆರೆದರು; ಅಪ್ಪ ಮಾತಾಡಿದಾಗ ಅಷ್ಟು ಜನ ಯಾವತ್ತೂ ನೆರೆದಿರಲಿಲ್ಲ. ಅವತ್ತಿನ ಷರಾ: “ಒಂದು ಮಾತ್ರ ಕೊಟ್ಟೆ. ಬೈದ. ಅವನು ಹೇಳಿದ್ದು ಖರೆ.”

ನನ್ನದೂ ಒಂದು ಇದೆ. ಚೀನಾ ಯುದ್ಧ ನಿಂತ ಮೇಲಿನ ಜನವರಿ, 1963. ನನಗೆ ಹನ್ನೊಂದು. ಪುಸ್ತಕ ಎತ್ತಿ ಕೊಡುವುದು, ಚಿಲ್ಲರೆ ಎಣಿಸುವುದು ನನ್ನ ಕೆಲಸ. ಅಪ್ಪ ಮಾತಿನ ನಡುವೆ ಇದ್ದಾಗ ನನ್ನ ವರ್ಗದ ನಾಲ್ಕು ಹುಡುಗರು ಬಳೆಗಾರರ ಸಾಲಿನಿಂದ ಬರುವುದು ಕಾಣಿಸಿತು. ನಾನು ಮೆಲ್ಲಗೆ ಗೋಣಿತಟ್ಟಿನಿಂದ ಇಳಿದು ಹತ್ತು ಹೆಜ್ಜೆ ಆಚೆ, ಬಳೆ ನೋಡುವವನಂತೆ ನಿಂತೆ. ಅವರಲ್ಲೊಬ್ಬ ಅಪ್ಪನ ಕಡೆ ಬೊಟ್ಟು ಮಾಡಿ, “ಯಾರಲೇ ಅಂವಾ?” ಎಂದ. “ಯಾರಿಗ್ಗೊತ್ತು, ಯಾವನೋ ಪುಸ್ತಕ ಮಾರಾಂವ” ಎಂದೆ. ಪೇತ್ರನ ಕತೆ ನನಗೆ ರವಿವಾರದ ಶಾಲೆಯಿಂದ ಬಾಯಿಪಾಠ. ಕೋಳಿಯೇನೂ ಕೂಗಲಿಲ್ಲ, ಕಂಪನಿಯ ಮೈಕಿನವನು ಆ ರಾತ್ರಿಯ ನಾಟಕದ ಟಿಕೀಟು ದರ ಕೂಗುತ್ತಿದ್ದ.

ಅಪ್ಪ ಕೇಳಿಸಿಕೊಂಡನೋ ಇಲ್ಲವೋ ಆಗ ಗೊತ್ತಾಗಲಿಲ್ಲ. ರಾತ್ರಿ ರೈಲಿನಲ್ಲಿ ತನ್ನ ಕಂಬಳಿಯಲ್ಲಿ ನನಗೆ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟಿದ್ದ. ಐವತ್ತು ವರ್ಷ ದಾಟಿದ ಮೇಲೆ ನೋಟಬುಕ್ಕು ಸಿಕ್ಕಾಗ ನಾನು ಮೊದಲು ಹುಡುಕಿದ್ದು ಆ ಪುಟವನ್ನೇ. ಬನಶಂಕರಿ, ಮಾರಿದ್ದು 9. ಷರಾದಲ್ಲಿ: “ಚಳಿ ಬಹಳ. ಮಗ ಜೊತೆಗಿದ್ದ.” ಕೇಳಿಸಿಕೊಂಡೂ ಬರೆದನೋ, ಕೇಳದೆ ಬರೆದನೋ. ಎರಡರಲ್ಲಿ ಯಾವುದಾದರೆ ನನಗೆ ಹಗುರಾದೀತು ಎಂದು ಯೋಚಿಸಿ ನೋಡಿದ್ದೇನೆ, ಬಗೆಹರಿದಿಲ್ಲ.

ಹೊರಗಿನವರು ಬೈದದ್ದಕ್ಕಿಂತ ನಮ್ಮವರ ತಾತ್ಸಾರ ಅವನಿಗೆ ನಾಟುತ್ತಿತ್ತು. ಸಭೆಯ ಹಿರಿಯರೊಬ್ಬರು ವರ್ಷದ ಕೊನೆಗೆ ರೈಲು ಖರ್ಚಿನ ಚೀಟಿ ಹಿಡಿದು, ಇಷ್ಟು ತಿರುಗಿ ಎಷ್ಟು ಜನ ಬಂದರು ಎಂದು ಎಲ್ಲರೆದುರು ಕೇಳಿದ್ದರು. ಅಪ್ಪ ಎದ್ದು ನಿಂತು “ಯಾರೂ ಇಲ್ಲರಿ” ಎಂದು ಕೂತ. ಮುಂದಿನ ವರ್ಷ ಖರ್ಚು ಅರ್ಧಕ್ಕಿಳಿಯಿತು. ಉಳಿದರ್ಧ ಅವ್ವನ ಎಮ್ಮೆ ಹಾಲಿನ ದುಡ್ಡಿನಿಂದ ಬಂತೆಂದು ಅವ್ವ ಸಾಯುವ ತನಕ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುತ್ತಲೇ ಕೊಡುತ್ತಿದ್ದಳು. ನೋಟಬುಕ್ಕಿನಲ್ಲಿ ಎಮ್ಮೆಗೊಂದು ಮನೆ ಇರಬೇಕಿತ್ತು.

ತಪ್ಪಿಹೋದ ಮಗನ ಕತೆ ಅಪ್ಪನಿಗೆ ಚೆನ್ನಾಗಿ ಒಗ್ಗಿತ್ತು. ಅದು ಲೂಕನ ಹದಿನೈದನೆಯ ಅಧ್ಯಾಯದ್ದು. ಅಪ್ಪನ ಬಾಯಲ್ಲಿ ಆ ಹುಡುಗ ಪಾಲು ತಗೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದ. ಇಸ್ಪೀಟು, ನಾಟಕದವರ ಸಹವಾಸ, ದುರ್ಗದ ಬೈಲಿನಲ್ಲಿ ಉಪವಾಸ. ಕೊನೆಗೆ ಹಂದಿ ಕಾಯುವಾಗ ಬುದ್ಧಿ ಬಂದು ಹರಿದ ಧೋತರದಲ್ಲಿ ಊರ ದಾರಿ ಹಿಡಿಯುತ್ತಿದ್ದ. ಮುದುಕ ತಂದೆ ಅಗಸಿಯ ಹತ್ತಿರ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿರುವುದನ್ನು ಅಪ್ಪ ಮಾಡಿ ತೋರಿಸುವಾಗ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ತಂದೆ ಆಳುಗಳನ್ನು ಕರೆದು, “ಹೂರಣ ರುಬ್ರಿ, ಹೋಳಿಗಿ ಮಾಡ್ರಿ, ನನ್ನ ಮಗ ಬಂದಾನ” ಎನ್ನುತ್ತಿದ್ದ. ಜನ ಮೂರೋ ನಾಲ್ಕೋ ಲೂಕ ಕೊಳ್ಳುತ್ತಿದ್ದರು.

ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಕರಡಿಗೆ. ಅಪ್ಪ ಹೋದಾಗಲೆಲ್ಲ ಅವರ ಪಡಸಾಲೆಯಲ್ಲಿ ವಾದ. ಅವರು ಬಸವಣ್ಣನವರ ವಚನ ಒಂದಾದ ಮೇಲೊಂದು ಹೇಳುತ್ತಿದ್ದರು, ಅಪ್ಪ ಸಾಮ್ಯಗಳನ್ನು ಹೇಳುತ್ತಿದ್ದ. ಯಾರೂ ಗೆಲ್ಲುತ್ತಿರಲಿಲ್ಲ. “ನಿಮ್ಮ ಉತ್ತಂಗಿ ಚೆನ್ನಪ್ಪನವರು ನಮಗ ಸರ್ವಜ್ಞನ್ನ ಕೊಟ್ರು. ನೀವು ಏನ್ ತಂದೀರಿ ಉಪದೇಶಿಗೋಳ?” ಎಂದು ಮಾಸ್ತರರು ಕೆಣಕುತ್ತಿದ್ದರು. ಅದು ಖರೆಯೇ. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಉತ್ತಂಗಿಯವರು ಊರೂರು ತಿರುಗಿ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಹೆಸರು ಬಂದರೆ ಅಪ್ಪ ದನಿ ತಗ್ಗಿಸುತ್ತಿದ್ದ, ಗುಡಿಯಲ್ಲಿ ಮಾತಾಡಿದಂತೆ.

ಒಂದು ಬೇಸಗೆಯಲ್ಲಿ ಮಾಸ್ತರರ ಕಟ್ಟೆಯ ಮುಂದೆ ಜನ ಸೇರಿದ್ದಾಗ ಅಪ್ಪ ಅದೇ ಕತೆ ಹೇಳಿದ, ಹೋಳಿಗೆಯವರೆಗೆ. ಮಾಸ್ತರರು ಒಳಗೆ ಎದ್ದು ಹೋಗಿ ಒಂದು ಲೂಕ ತಂದರು. ಮೊದಲ ವರ್ಷ ಕೊಂಡದ್ದು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಗುರುತು.

“ಉಪದೇಶಿಗೋಳ, ಇಲ್ಲಿ ಕೊಬ್ಬಿದ ಕರು ಕಡದಾರ. ನೀವು ಹೋಳಿಗಿ ಮಾಡ್ಸೀರಿ. ಇದರಾಗ ಯಾರ ಮಾತು ಸುಳ್ಳು?”

ಅಪ್ಪನ ಮುಖ ನೋಡಬಾರದಾಗಿತ್ತು. ಲಿಂಗವಂತರ ಕೇರಿಯಲ್ಲಿ ಕರುವಿನ ಮಾತು ಆಡುವುದು ಹೇಗೆಂದು ಅವನು ಬದಲಿಸಿದ್ದ, ಅಷ್ಟೆ. ಆದರೆ ಮಾಸ್ತರರು ಹಿಡಿದದ್ದು ಕರುವನ್ನಲ್ಲ. “ನಮಗ ಸೇರೂಹಂಗ ಮಾಡಿ ಹೇಳಿದ್ರ ನಾವು ಕೇಳೂದು ನಿಮ್ಮ ಕತಿ, ನಿಮ್ಮ ದೇವರದ್ದಲ್ಲ” ಎಂದರು. ಬೈಗುಳವಿರಲಿಲ್ಲ, ವರ್ಗದಲ್ಲಿ ಲೆಕ್ಕ ತಿದ್ದುವ ದನಿ. ಆಮೇಲೆ ಒಳಗೆ ಕೂಗಿ ಹೇಳಿದರು, ಮಜ್ಜಿಗೆ ಬಂತು.

ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ನಿಮ್ಮನ್ನು ಒಲ್ಲದ ಊರಿನಲ್ಲಿ ಕಾಲಿನ ಧೂಳಿ ಝಾಡಿಸಿ ಹೊರಡಿರಿ ಎಂದು ಯೇಸು ತನ್ನ ಶಿಷ್ಯರಿಗೆ ಹೇಳಿದ್ದುಂಟು. ಝಾಡಿಸೂದಿಲ್ಲೇನಪಾ ಎಂದು ಚಾಷ್ಟಿ ಮಾಡಿದೆ. ಅವನು ತನ್ನ ಕಾಲ ಕಡೆ ನೋಡಿದ. ಹಿಂದಿನ ದಿನ ಅಕಾಲದ ಮಳೆ ಬಿದ್ದು ಎರಿ ಮಣ್ಣು ಚಪ್ಪಲಿಗೆ ಗೇಣು ದಪ್ಪ ಮೆತ್ತಿತ್ತು. “ಇದು ಝಾಡಿಸಿದ್ರ ಹೋಗೂ ಮಣ್ಣಲ್ಲ” ಎಂದ. ಹೊಳೆಯಲ್ಲಿ ಕಲ್ಲಿಗೆ ತಿಕ್ಕಿ ತೊಳೆದ.

ಅಲ್ಲಿಂದ ಮುಂದೆ ನೋಟಬುಕ್ಕಿನಲ್ಲಿ ಹೊಸ ಬಗೆಯ ಷರಾ ಶುರುವಾಗುತ್ತದೆ. “ಕರು ಎಂದೆ. ಎದ್ದು ಹೋದರು.” “ಕರು ಎಂದೆ. ಗೌಡರು ಊರು ಬಿಡಲು ಹೇಳಿದರು.” “ಕರು ಎಂದೆ. ಒಬ್ಬ ನಿಂತ.” ಮಾರಾಟ ಅರ್ಧಕ್ಕಿಳಿಯಿತು. ಅವ್ವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. “ಬ್ಯಾರೆ ಕತಿ ಹೇಳಬಾರದ? ಬಿತ್ತೋನ ಕತಿ ಐತಿ, ಕುರಿ ಕತಿ ಐತಿ!” ಅವನ್ನೂ ಹೇಳುತ್ತಿದ್ದ. ಇದನ್ನು ಬಿಡಲೂ ಇಲ್ಲ, ಬದಲಿಸಲೂ ಇಲ್ಲ.

ನನಗೆ ಅವನ ಹಟ ಆಗ ಅರ್ಥವಾಗಿರಲಿಲ್ಲ. ಈಗ ಅರ್ಥವಾಗಿದೆ, ಒಪ್ಪಿಗೆಯಾಗಿದೆ ಎಂದೇನಲ್ಲ. ಮತಾಂತರ ಎಂಬ ಶಬ್ದ ಈಗ ಚಹಾದಂಗಡಿಯಲ್ಲೂ ಓಡಾಡುತ್ತದೆ. ಗಂಜಿಗೋ, ಔಷಧಕ್ಕೋ, ಶಾಲೆಯ ಫೀಗೋ ಧರ್ಮ ಬದಲಿಸುತ್ತಾರೆಂದು ಒಂದು ಕಡೆಯವರು. ವಾಸಿಮಾಡುತ್ತೇವೆ, ಸಾಲ ತೀರಿಸುತ್ತೇವೆ ಎಂದು ಮೈಕು ಹಿಡಿದ ಕೆಲ ಹೊಸ ಪ್ರಸಂಗಿಗಳು ಇನ್ನೊಂದು ಕಡೆ. ಇವರಿಬ್ಬರ ನಡುವೆ ಸೈಕಲ್ಲಿನಲ್ಲಿ ಒಬ್ಬ ಉಪದೇಶಿಯನ್ನು ಊಹಿಸಿಕೊಂಡು ನಗು ಬರುತ್ತದೆ. ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಕಿಮ್ಮತ್ತು ಬೇರೆ ಕೇಳುತ್ತಿದ್ದ.

1971ರ ಮಳೆಗಾಲ ಮುಗಿದಿತ್ತು. ಮಾಸ್ತರರು ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂತು. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದವನು ರಜಕ್ಕೆ ಬಂದಿದ್ದೆ, ಅಪ್ಪನ ಜೊತೆ ಹೋದೆ. ಅಪ್ಪ ಟ್ರಂಕು ಒಯ್ಯಲಿಲ್ಲ. ಅದೇ ಪಡಸಾಲೆ. ಮಾಸ್ತರರು ಕಂಬಳಿ ಹೊದ್ದು ಗೋಡೆಗೆ ಆನಿಕೊಂಡಿದ್ದರು, ವಿಭೂತಿ ಮಾತ್ರ ಹಣೆತುಂಬ ಹಾಗೇ ಇತ್ತು. ಬಹಳ ಹೊತ್ತು ಮಳೆ, ಬೆಳೆ, ಸೊಸೆಯ ಊರು ಅಂತ ಮಾತಾಯಿತು. ವಾದವಾಗಲಿಲ್ಲ. ವಾದವಿಲ್ಲದೆ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯದಂತಾಗಿತ್ತು.

“ಆ ಹುಡುಗನ ಕತಿ ಹೇಳ್ರಿ” ಎಂದರು ಮಾಸ್ತರರು.

ಅಪ್ಪ ಶುರು ಮಾಡಿದ. ಪಾಲು, ಹುಬ್ಬಳ್ಳಿ, ಹಂದಿ. ಹರಿದ ಧೋತರ. ಮುದುಕ ತಂದೆ ಅಗಸಿಯಲ್ಲಿ ನಿಂತಾಗ ಅಪ್ಪ ಎದ್ದು ಕಣ್ಣಿಗೆ ಕೈ ಅಡ್ಡ ಹಿಡಿದ. ಮಾಸ್ತರರ ಸೊಸೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ತಂದೆ ಓಡಿದ, ಮಗನನ್ನು ಅಪ್ಪಿಕೊಂಡ, ಆಳುಗಳನ್ನು ಕರೆದ. ಅಲ್ಲಿ ಅಪ್ಪ ನಿಂತ. ಎಂಟು ವರ್ಷದ ಹಟ ಅವನ ಗಂಟಲಲ್ಲಿ ಇತ್ತು.

ಮಾಸ್ತರರು ಕಣ್ಣು ಮುಚ್ಚಿಕೊಂಡೇ ಅಂದರು: “ಇವತ್ತ ಹೋಳಿಗಿ ಹೇಳ್ರಿ ಉಪದೇಶಿಗೋಳ. ನಾಲ್ಕು ದಿನ ಆತು, ಬಾಯಾಗ ರುಚಿನ ಇಲ್ಲ.”

ಆ ದಿನದ ಪುಟ ಮೂರನೆಯ ನೋಟಬುಕ್ಕಿನಲ್ಲಿದೆ. ಮಾರಿದ ಪುಸ್ತಕ: ಇಲ್ಲ. ದೀಕ್ಷಾಸ್ನಾನ: ಖಾಲಿ. ಷರಾದ ಅಕ್ಷರಗಳು ಎಂದಿನಂತೆ ಅಂಚಿಗೆ ಹೋಗಿ ಬಾಗಿವೆ: “ಹೋಳಿಗೆ ಎಂದೆ. ದೇವರು ಕ್ಷಮಿಸಲಿ. ಮಜ್ಜಿಗೆ ಕೊಟ್ಟರು.”